ಒತ್ತಿದ್ದು ಖರೇ, ಗಾಡಿ ಓಡಲಿಲ್ಲ

ಆ ಕಾರು ನನ್ನ ಗ್ಯಾರೇಜಿಗೆ ಬಂದದ್ದು ರಿಪೇರಿಗಲ್ಲ, ಮಾರಾಟಕ್ಕೆ ತಯಾರಾಗಲು. ಟಿಂಕರನ ಅಂಗಡಿಯಲ್ಲಿ ಎಡಗಡೆಯ ಎರಡೂ ಬಾಗಿಲು ಬದಲಾಯಿಸಿ, ಬಣ್ಣ ಹೊಡೆದು, ಏನೂ ಆಗಿಯೇ ಇಲ್ಲ ಎಂಬಂತೆ ಮಾಡಿ ಕಳಿಸಿದ್ದರು. ಹಿಂದೆಯೇ ಕಾರಿನ ಮಾಲೀಕ ಸಾವುಕಾರರ ಫೋನು ಬಂತು.

"ಮಿಸ್ತ್ರಿ, ಬ್ರೇಕು, ಆಯಿಲು ಎಲ್ಲಾ ನೋಡಿ ಚೊಕ್ಕ ಮಾಡಿ ಇಡು. ಗದಗಿನವರೊಬ್ರು ನೋಡಾಕ ಬರ್ತಾರ. ಒಪ್ಪಿದ್ರ ಅಲ್ಲಿಂದ ಅಲ್ಲೇ ಕೊಟ್ಟಬಿಡು. ಅದು ನನ್ನ ಕಣ್ಣಿಗೆ ಬೀಳಬಾರದು."

"ಆತ್ರಿ" ಅಂದೆ. ಬೇರೆ ಏನು ಅನ್ನಲಿ? ಆ ಕಾರಿನ ಹಿಂದಿನ ಸೀಟಿನಲ್ಲಿ ಎಡಕ್ಕೆ ಕೂತಿದ್ದ ಅವರ ಹೆಂಡತಿ ತೀರಿಕೊಂಡು ಇನ್ನೂ ಎರಡು ತಿಂಗಳು ಆಗಿರಲಿಲ್ಲ. ಸಾವುಕಾರರು ಹತ್ತಿ ವ್ಯಾಪಾರಿಗಳು. ಬೆಳಿಗ್ಗೆ ಲಿಂಗಪೂಜೆ ಮುಗಿಯದೆ ಒಂದು ಗುಟುಕು ನೀರು ಕುಡಿಯದವರು. ಫೋನಿನಲ್ಲೂ ಮೊದಲು ಮನೆಯವರ ಆರೋಗ್ಯ ಕೇಳಿ ಆಮೇಲೆ ಕೆಲಸದ ಮಾತಿಗೆ ಬರುತ್ತಿದ್ದರು. ಅವತ್ತು ಅದ್ಯಾವುದೂ ಇರಲಿಲ್ಲ.

ನಡೆದದ್ದು ಹತ್ತಿ ಪೇಟೆಗೆಲ್ಲ ಗೊತ್ತಿತ್ತು. ಅವರ ಹೆಂಡತಿ ಧಾರವಾಡದಲ್ಲಿದ್ದ ತಂಗಿಯ ಮನೆಗೆ ಹೊರಟಿದ್ದರು. ಉಣಕಲ್ ಕೆರೆ ದಾಟಿದ ಮೇಲೆ, ಮುಂದೆ ಇಟ್ಟಂಗಿ ಹೇರಿಕೊಂಡು ತೆವಳುತ್ತಿದ್ದ ಟ್ರ್ಯಾಕ್ಟರನ್ನು ಹಿಂದೆ ಹಾಕಲು ಡ್ರೈವರು ಬಲಕ್ಕೆ ತೆಗೆದುಕೊಂಡರು. ಆಗ ಆ ರಸ್ತೆ ಈಗಿನಷ್ಟು ಅಗಲವಿರಲಿಲ್ಲ. ಎದುರಿಗೆ ಲಾರಿ ಬಂತು. ಕಾರು ಮುಂದೆ ಹೋಗಲಿಲ್ಲ. ಡ್ರೈವರು ಎಡಕ್ಕೆ ಎಳೆದರು. ಟ್ರೇಲರಿನ ಕಬ್ಬಿಣದ ಅಂಚು ಎಡಗಡೆಯ ಬಾಗಿಲುಗಳನ್ನು ಸೀಳಿಕೊಂಡು ಒಳಗೆ ಬಂತು. ಡ್ರೈವರಿಗೆ ಹಣೆಯ ಮೇಲೆ ಹೊಲಿಗೆ ಬಿತ್ತು. ಸಾವುಕಾರರ ಹೆಂಡತಿಗೆ ಆಸ್ಪತ್ರೆ ಸೇರುವಷ್ಟೂ ಆಯುಷ್ಯ ಇರಲಿಲ್ಲ.

ಪೊಲೀಸರು ಕೇಸು ಹಾಕಿದರು. ಗಾಡಿ ತಪಾಸಣೆ ಮಾಡುವ ಸರಕಾರಿ ಇನ್‌ಸ್ಪೆಕ್ಟರು ಬ್ರೇಕು, ಸ್ಟಿಯರಿಂಗು ನೋಡಿ ಎರಡೂ ಸರಿ ಇವೆ ಎಂದು ಬರೆದರು. ಸರಿ ಇದ್ದದ್ದೂ ನಿಜ. ಅಲ್ಲಿಗೆ ತಪ್ಪು ಮನುಷ್ಯನದೇ ಎಂದು ತೀರ್ಮಾನವಾಯಿತು. ಸಾವುಕಾರರು ಡ್ರೈವರನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಬಂದವರ ಎದುರಿಗೆ ಒಂದೇ ಮಾತು ಹೇಳುತ್ತಿದ್ದರಂತೆ: "ತನ್ನ ಜೀವಾ ಉಳಿಸ್ಕೊಳ್ಳಾಕ ಆಕಿ ಕುಂತ ಬಾಜೂನ ಕೊಟ್ಟಬಿಟ್ಟ." ಬೈದಿದ್ದರೆ ಚೆನ್ನಾಗಿತ್ತು. ಬೈಗುಳ ತೊಳೆದುಕೊಳ್ಳಬಹುದು, ಈ ಮಾತನ್ನು ಹ್ಯಾಗೆ ತೊಳೆದುಕೊಳ್ಳುವುದು?

ಮರುದಿನ ನಾನು ಶಟರ್ ಎತ್ತುವಷ್ಟರಲ್ಲಿ ಆ ಡ್ರೈವರ್ ಕಾಕಾ ಗ್ಯಾರೇಜಿನ ಮುಂದೆ ನಿಂತಿದ್ದರು. ತಮ್ಮ ಊರು ಸುಳ್ಳದಿಂದ ಮೊದಲ ಬಸ್ಸಿಗೆ ಬಂದಿದ್ದರು. ಸಾವುಕಾರರ ಮದುವೆಯ ದಿಬ್ಬಣದ ಗಾಡಿಯನ್ನೂ ಅವರೇ ಓಡಿಸಿದ್ದವರು. ಬಿಳಿ ಪೈಜಾಮ, ತಲೆಗೆ ಟೊಪ್ಪಿಗೆ, ಹಣೆಯ ಮೇಲೆ ಹೊಲಿಗೆಯ ಗುರುತು.

"ಗಾಡಿ ಬಂದೈತಂತಲ್ರಿ."

"ಬಂದೈತ್ರಿ ಕಾಕಾ. ಕುಂದರ್ರಿ, ಚಾ ಹೇಳ್ತೇನಿ."

"ಚಾ ಬ್ಯಾಡ್ರಿ. ಮಾರೂದಕ್ಕಿಂತ ಮೊದ್ಲು ಅದನ್ನ ಒಂದ್ಸಲ ಬಿಚ್ಚಿ ನೋಡ್ರಿ ಮಿಸ್ತ್ರಿ. ನಾ ಒತ್ತಿದ್ದು ಖರೇ ಐತ್ರಿ. ಗಾಡಿ ಓಡಲಿಲ್ಲ."

ನಾನು ಒಳಗೊಳಗೇ ಹಲ್ಲು ಕಡಿದೆ. ಗ್ಯಾರೇಜಿಗೆ ಬರುವ ಡ್ರೈವರುಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಇದನ್ನೇ ಹೇಳುತ್ತಾರೆ. ಬ್ರೇಕು ಹಿಡೀಲಿಲ್ಲ, ಸ್ಟಿಯರಿಂಗ್ ಜಗ್ಗಿತು, ಗೇರು ಬೀಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೂ ವಯಸ್ಸಾದ ಮನುಷ್ಯ, ಒಂದು ಪ್ರಶ್ನೆಯನ್ನಾದರೂ ಕೇಳಿ ಕಳಿಸೋಣ ಎಂದುಕೊಂಡೆ.

"ಎಂಜಿನ್ ಬಂದ್ ಬಿತ್ತೇನ್ರಿ ಕಾಕಾ?"

"ಇಲ್ರಿ. ಬಂದ್ ಬೀಳಲಿಲ್ಲ. ಸಪ್ಪಳ ಇತ್ತು. ಒತ್ತಿದ್ನಿ, ಒಮ್ಮೆಲೆ ಜೀವಾ ಹೋದಂಗ ಆತು. ಹಿಂದಿನಿಂದ ಯಾರೋ ಹಿಡಿದು ಜಗ್ಗಿದಂಗ. ಮತ್ತ ಜೋರ ಒತ್ತಿದ್ನಿ. ಆಮ್ಯಾಲ ದಬಕ್ನ ಎಳೀತ್ರಿ. ಅಷ್ಟರಾಗ ಲಾರಿ ಮಾರಿ ಮ್ಯಾಲ ಬಂದಿತ್ತು."

ಇಲ್ಲಿ ನನ್ನ ಕಿವಿ ನೆಟ್ಟಗಾಯಿತು. ಸುಳ್ಳು ಹೇಳುವವನು ಗಾಡಿ ಬಂದ್ ಬಿತ್ತು ಅನ್ನುತ್ತಾನೆ, ಅದು ಸುಲಭ. ಸಪ್ಪಳ ಇತ್ತು, ಜೀವ ಹೋಯಿತು, ಮತ್ತೆ ಬಂತು ಎಂದು ಕಟ್ಟಿ ಹೇಳಲು ಕಥೆಗಾರನೇ ಆಗಬೇಕು. ಈ ಮನುಷ್ಯನಿಗೆ ಊಟ ಆಯ್ತೇನ್ರಿ ಅಂದರೆ ಆಯ್ತು ಅನ್ನುವುದಕ್ಕಿಂತ ಹೆಚ್ಚು ಮಾತು ಬರುತ್ತಿರಲಿಲ್ಲ.

"ಕೆಲಸಾ ಬ್ಯಾಡ್ರಿ ನನಗ," ಎಂದರು ಕಾಕಾ. "ಕೇಸ್ನ್ಯಾಗ ಜೈಲಾದ್ರೂ ಆಗ್ಲಿ. ಆದ್ರ ಮೊನ್ನೆ ನನ್ನ ಮಗಳು ಸೈತ ಕೇಳಿದ್ಳ್ರಿ, ಅಪ್ಪಾ, ಖರೇ ಹೇಳು, ನಿದ್ದಿ ಬಂದಿತ್ತೇನು ಅಂತ. ಗಾಡಿ ಮಾರಿ ಹೋತಂದ್ರ ನನ್ನ ಮಾತೂ ಅದರ ಸಂಗಾಟ ಹೋತ್ರಿ."

ಅಳಲಿಲ್ಲ. ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. "ನೋಡ್ತೇನ್ರಿ" ಎಂದೆ.

ಕಾರ್ಬ್ಯುರೇಟರ್ ಗಾಡಿಗಳ ಮೇಲೆ ಕೈ ಪಳಗಿಸಿಕೊಂಡವನು ನಾನು. ಇಂಜೆಕ್ಷನ್ ಗಾಡಿಗಳು ನಮ್ಮ ಊರಿಗೆ ಬಂದು ಕೆಲವೇ ವರ್ಷಗಳಾಗಿದ್ದವು. ಅದರೊಳಗಿನ ಕಂಪ್ಯೂಟರ್ ಡಬ್ಬಿ ಕಂಡರೆ ನನ್ನಂಥವರೆಲ್ಲ ದೂರದಿಂದಲೇ ಕೈ ಮುಗಿಯುತ್ತಿದ್ದೆವು. ಹಾಗಾಗಿ ಗೊತ್ತಿದ್ದ ಕಡೆಯಿಂದ ಶುರು ಮಾಡಿದೆ. ಪೆಟ್ರೋಲ್ ಪಂಪಿನ ಒತ್ತಡ ನೋಡಿದೆ, ಸರಿ ಇತ್ತು. ಫಿಲ್ಟರ್ ಕಪ್ಪಾಗಿತ್ತು, ಬದಲಾಯಿಸಿದೆ. ಪ್ಲಗ್ಗು ತೆಗೆದೆ, ಒಳ್ಳೆಯ ಕಂದು ಬಣ್ಣ, ದೋಷವಿಲ್ಲ. ಕಾಯಿಲ್ ಸರಿ, ವೈರು ಸರಿ. ಅಕ್ಸಿಲರೇಟರ್ ಕೇಬಲ್ ಎಲ್ಲಿಯಾದರೂ ಹಿಡಿಯುತ್ತದೆಯೇ ಎಂದು ಕೈಯಿಂದ ಎಳೆದೆಳೆದು ನೋಡಿದೆ. ಬೆಣ್ಣೆಯಂತೆ ಓಡುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಿತ್ತು ನನ್ನ ಕೆಲಸ.

ಓಡಿಸಿಯೂ ನೋಡಿದೆ. ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣದ ತನಕ, ಅಲ್ಲಿಂದ ತಿರುಗಿ ಉಣಕಲ್ ತನಕ. ಮೆಲ್ಲಗೆ ಒತ್ತಿದೆ, ಜೋರಾಗಿ ಒತ್ತಿದೆ, ಒತ್ತಿ ಬಿಟ್ಟು ಮತ್ತೆ ಒತ್ತಿದೆ. ಮೂರ್ನಾಲ್ಕು ದಿನ ಇದೇ ಆಯಿತು. ಕಾರು ನಗುನಗುತ್ತಾ ಓಡಿತು. ಹಿಂದಿನ ಸೀಟಿನ ಎಡಭಾಗದ ಹೊಸ ಬಟ್ಟೆಯ ವಾಸನೆ ಮಾತ್ರ ಮೂಗಿಗೆ ಬಡಿಯುತ್ತಿತ್ತು. ಕನ್ನಡಿಯಲ್ಲಿ ಆ ಕಡೆ ನೋಡದಿರಲು ಪ್ರಯತ್ನಪಡುತ್ತಿದ್ದೆ.

ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಒಬ್ಬ ಎಂಜಿನಿಯರ್ ಪರಿಚಯವಿದ್ದರು. ಒಳ್ಳೆಯವರು, ನಮ್ಮಂಥವರನ್ನು ಕೀಳಾಗಿ ನೋಡುತ್ತಿರಲಿಲ್ಲ. ಕೇಳಿಕೊಂಡಾಗ ಒಂದು ಸಂಜೆ ಸ್ಕ್ಯಾನರ್ ತೆಗೆದುಕೊಂಡು ಬಂದರು. ಕಾರಿನ ಕಂಪ್ಯೂಟರಿಗೆ ಜೋಡಿಸಿದರು. ಪರದೆಯ ಮೇಲೆ ಯಾವ ದೋಷವೂ ಬರಲಿಲ್ಲ.

"ಟಿಂಕರ್ ಬ್ಯಾಟರಿ ತೆಗೆದಿದ್ನೇನು?" ಎಂದು ಕೇಳಿದರು.

"ವೆಲ್ಡಿಂಗ್ ಮಾಡೂಮುಂದ ತೆಗೀಲಿಕ್ಕೇ ಬೇಕಲ್ರಿ."

"ಹಂಗಾರ ಮುಗೀತು. ಬ್ಯಾಟರಿ ತೆಗೆದ್ರ ಇದರ ನೆನಪು ಅಳಿಸಿ ಹೋಗ್ತದ. ಅವತ್ತು ಏನರ ದಾಖಲಾಗಿದ್ದರೂ ಈಗ ಇಲ್ಲ."

ನನಗೆ ಸ್ಪ್ಯಾನರ್ ಎತ್ತಿ ಗೋಡೆಗೆ ಹೊಡೆಯುವಷ್ಟು ಸಿಟ್ಟು ಬಂತು. ಟಿಂಕರನ ತಪ್ಪೂ ಇಲ್ಲ, ಅವನು ಮಾಡಬೇಕಾದದ್ದನ್ನೇ ಮಾಡಿದ್ದ. ನಾನು ಕಾಕಾ ಹೇಳಿದ್ದನ್ನು ಅಕ್ಷರ ಬಿಡದೆ ಎಂಜಿನಿಯರ್ ಮುಂದೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಬಾನೆಟ್ಟಿನ ಒಳಗೆ ಕೈ ಹಾಕಿ ಒಂದು ಪುಟ್ಟ ಕಪ್ಪು ಡಬ್ಬಿ ತೋರಿಸಿದರು. ಥ್ರಾಟಲ್ ಸೆನ್ಸರ್. ಅಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು ತೆರೆಯುತ್ತದೆ. ಆ ಬಾಗಿಲು ಎಷ್ಟು ತೆರೆದಿದೆ ಎಂದು ಕಂಪ್ಯೂಟರಿಗೆ ಹೇಳುವುದು ಈ ಡಬ್ಬಿಯ ಕೆಲಸ. ಬಾಗಿಲು ಮುಚ್ಚಿದ್ದರೆ ಅರ್ಧ ವೋಲ್ಟು, ಪೂರ್ತಿ ತೆರೆದರೆ ನಾಲ್ಕೂವರೆ. ಕಾಲು ಒತ್ತಿದಂತೆಲ್ಲ ಒಂದೇ ಸಮ ಏರಬೇಕು.

"ಏರೂ ಮುಂದ ನಡುವ ಬಿದ್ದರ, ಕಾಲು ತೆಗೆದಾರ ಅಂತ ಕಂಪ್ಯೂಟರ್ ತಿಳ್ಕೋತದ. ಪೆಟ್ರೋಲ್ ನಿಲ್ಲಿಸಿಬಿಡ್ತದ. ಗಾಡಿ ಓಡ್ತಿರೋದಕ್ಕ ಎಂಜಿನ್ ತಿರುಗ್ತಾನ ಇರ್ತದ, ಆದ್ರ ಎಳಿಯೂದಿಲ್ಲ. ನಿಮ್ಮ ಡ್ರೈವರ್ ಹೇಳಿದ್ದು ಹಂಗಽ ಐತಿ."

ಎಂಜಿನಿಯರ್ ಇನ್ನೊಂದು ಬುದ್ಧಿಮಾತು ಹೇಳಿ ಹೋದರು. ಅಂಕಿ ತೋರಿಸುವ ಹೊಸ ಮೀಟರು ಬೇಡ, ಕ್ಷಣಮಾತ್ರ ಬಿದ್ದು ಏಳುವುದನ್ನು ಅದು ನುಂಗಿಬಿಡುತ್ತದೆ. ಮುಳ್ಳಿನ ಹಳೆಯ ಮೀಟರಿನಲ್ಲಿ ನೋಡು ಎಂದರು. ಮರುದಿನ ಅಟ್ಟದ ಮೇಲಿದ್ದ ಹಳೆಯ ಮುಳ್ಳಿನ ಮೀಟರನ್ನು ಇಳಿಸಿ, ಸೆನ್ಸರಿನ ವೈರಿಗೆ ಚುಚ್ಚಿ, ಗಾಳಿಯ ಬಾಗಿಲನ್ನು ಕೈಯಿಂದ ಕೂದಲೆಳೆಯಷ್ಟೇ ಸರಿಸುತ್ತಾ ನಿಧಾನವಾಗಿ ತೆರೆದೆ. ಮುಳ್ಳು ಏರಿತು. ಎಲ್ಲಿಯೂ ಬೀಳದೆ ಮೇಲೆ ಹೋಗಿ ನಿಂತಿತು. ಎಂಜಿನ್ ಕಾಯಿಸಿ ನೋಡಿದೆ. ಬೆರಳಿನಿಂದ ಡಬ್ಬಿಯನ್ನು ತಟ್ಟುತ್ತಾ ನೋಡಿದೆ. ಕೆಟ್ಟ ಸೆನ್ಸರ್ ಅಂದರೆ ಹೀಗಿರುತ್ತದೆಯೇ? ಇದು ಹೊಸದರಷ್ಟೇ ಚೆನ್ನಾಗಿತ್ತು.

ಅವತ್ತೇ ಗದಗಿನವರು ಬಂದರು. ಕಾರು ಒಪ್ಪಿಗೆಯಾಯಿತು. ಸೋಮವಾರ ಬಂದು ಒಯ್ಯುತ್ತೇವೆ ಎಂದರು. ಅವತ್ತು ಶುಕ್ರವಾರ.

ಶನಿವಾರ ಕಾಕಾ ಬಂದಾಗ ನಾನು ಅವರ ಮುಖ ನೋಡದೆ, ಕೈ ಒರೆಸಿಕೊಳ್ಳುತ್ತಾ ಹೇಳಿದೆ. "ಸಿಗಲಿಲ್ರಿ ಕಾಕಾ. ನಾ ಬಲ್ಲಷ್ಟೂ ನೋಡಿದೆ. ನಿಮ್ಮ ಮ್ಯಾಲ ನಂಬಿಗಿ ಇಲ್ಲಂತಲ್ಲ. ಆದ್ರ ತೋರಿಸಾಕ ಏನೂ ಇಲ್ಲ ನನ್ನ ಕಡೆ."

"ಇರ್ಲಿ ಬಿಡ್ರಿ," ಎಂದರು. ಕಾರಿನ ಬಾನೆಟ್ಟನ್ನು ಅಂಗೈಯಿಂದ ಒಮ್ಮೆ ಸವರಿದರು. "ಅದರದೇನು ತಪ್ಪು. ಗಾಡಿಗೂ ದೃಷ್ಟಿ ಆಗಿತ್ರಿ. ಪ್ರತಿ ಅಮಾಸಿ ಮರುದಿನ ಚೂರು ಮುಗ್ಗರಸ್ತಿತ್ತು. ಆಮ್ಯಾಲ ಒಂದೆರಡು ದಿನದಾಗ ತಾನ ಸರಿ ಆಗ್ತಿತ್ತು. ಸಾವ್ಕಾರ್ರ ಮನಿ ಅಕ್ಕಾರಿಗೆ ಹೇಳಿದ್ನಿ. ಪೂಜಿ ಕಮ್ಮಿ ಬಿದ್ದಿರಬೇಕು, ಮುಂದಿನ ಅಮಾಸಿಗೆ ಇನ್ನೂ ಛಲೋ ಮಾಡೋಣು ಅಂದ್ರು. ಮಾಡಿದ್ರು. ಮರುದಿನಾನ ಧಾರವಾಡಕ್ಕ ಹೊಂಟಿದ್ವಿ."

ನಾನು ಕೈ ಒರೆಸುತ್ತಿದ್ದ ಅರಿವೆಯನ್ನು ಕೆಳಗೆ ಹಾಕಿದೆ.

ನಮ್ಮ ಕಡೆ ಅಮಾವಾಸ್ಯೆ ಅಂದರೆ ಗಾಡಿಗಳ ಹಬ್ಬ. ಸೈಕಲ್ಲಿನಿಂದ ಹಿಡಿದು ಲಾರಿಯ ತನಕ ತೊಳೆಯದೆ, ಲಿಂಬೆಹಣ್ಣು ಕಟ್ಟದೆ, ಕಾಯಿ ಒಡೆಯದೆ ಯಾರೂ ರಸ್ತೆಗಿಳಿಸುವುದಿಲ್ಲ. ನಾನೂ ಮಾಡುತ್ತೇನೆ. ಅದನ್ನು ಯಾವ ಸ್ಕ್ಯಾನರ್ ಕೇಳುತ್ತದೆ, ಯಾವ ಇನ್‌ಸ್ಪೆಕ್ಟರ್ ಕೇಳುತ್ತಾನೆ? ನಾನಾದರೂ ಎಲ್ಲಿ ಕೇಳಿದೆ?

"ಕಾಕಾ, ತೊಳೀತಿದ್ದದ್ದು ಎಲ್ಲೆಲ್ಲಿ?"

"ಮೈಯೆಲ್ಲಾ ನಾ ತೊಳೀತಿದ್ನಿ. ಎಂಜಿನ್ ಮಾತ್ರ ಅಕ್ಕಾರ ತಮ್ಮ ಕೈಲೆ ತೊಳೀತಿದ್ರು. ಎಂಜಿನ್ ಅಂದ್ರ ಗಾಡಿ ಎದಿ, ಅದಕ್ಕ ಮಡಿ ನೀರ ಹಾಕಬೇಕು ಅಂತಿದ್ರು. ತಾಮ್ರದ ಕೊಡದಾಗ ತಂದು ಸುರಿವಿ, ಮ್ಯಾಲ ವಿಭೂತಿ ಹಚ್ಚಿ ಕೈ ಮುಗೀತಿದ್ರು."

"ಕೊನೀ ಅಮಾಸಿಗೆ?"

"ಇನ್ನೂ ಎರಡು ಕೊಡ ಹೆಚ್ಚಿಗಿ ಹಾಕಿದ್ರು."

ಎಂಜಿನ್ನಿಗೆ ನೀರು ಬಿದ್ದರೆ ಕಾರು ಕೆಡುತ್ತದೆ ಎಂದು ಆಗ ಯಾರು ಅಂದುಕೊಂಡಿದ್ದೆವು? ಹಳೆಯ ಗಾಡಿಗಳನ್ನು ನಾವೇ ಪೈಪು ಹಿಡಿದು ತೊಳೆದವರು. ಒರೆಸಿ ಬಿಸಿಲಿಗೆ ನಿಲ್ಲಿಸಿದರೆ ಮುಗಿಯುತ್ತಿತ್ತು. ಇನ್ನು ನಾನು ಈ ಕಾರನ್ನು ನೋಡಿದ್ದೆಲ್ಲ ಒಣಗಿದ ಮೇಲೆ. ವಾರಗಟ್ಟಲೆ ಟಿಂಕರನ ಶೆಡ್ಡಿನಲ್ಲಿ ನಿಂತು ಕಟಕಟನೆ ಒಣಗಿದ ಗಾಡಿಯ ಸೆನ್ಸರು ನನಗೆ ಏನು ಹೇಳೀತು! ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಗಿರಾಕಿಯ ಗಾಡಿ, ಮಾರಾಟವಾಗಿರುವ ಗಾಡಿ, ಅದರ ಎಂಜಿನ್ನಿನ ಮೇಲೆ ಬೇಕೆಂದೇ ನೀರು ಸುರಿಯುವುದು ಯಾವ ಮಿಸ್ತ್ರಿಯೂ ಮಾಡುವ ಕೆಲಸವಲ್ಲ. ಕಂಪ್ಯೂಟರ್ ಡಬ್ಬಿ ಸುಟ್ಟುಹೋದರೆ ನನ್ನ ಗ್ಯಾರೇಜೇ ಮಾರಬೇಕಾಗುತ್ತಿತ್ತು. ಒಂದು ಕ್ಷಣ ಹಿಂಜರಿದೆ. ಆಮೇಲೆ ನಲ್ಲಿಯ ಕೆಳಗಿದ್ದ ಕೊಡ ಎತ್ತಿ ಕಾಕಾನ ಕೈಗೆ ಕೊಟ್ಟೆ.

"ಅಕ್ಕಾರು ಹೆಂಗ ಹಾಕ್ತಿದ್ರೋ ಹಂಗ ಹಾಕ್ರಿ. ಒಂದು ಹನಿ ಹೆಚ್ಚೂ ಬ್ಯಾಡ, ಕಮ್ಮಿನೂ ಬ್ಯಾಡ."

ಕಾಕಾ ಚಪ್ಪಲಿ ಕಳಚಿದರು. ಬಲಗಡೆ ನಿಂತು, ಕೊಡವನ್ನು ಎರಡೂ ಕೈಯಲ್ಲಿ ಎತ್ತಿ, ಎಂಜಿನ್ನಿನ ನಡುನೆತ್ತಿಯ ಮೇಲೆ ನಿಧಾನವಾಗಿ ಸುರಿದರು. ನೀರು ಹರಿದು ನೇರವಾಗಿ ಆ ಕಪ್ಪು ಡಬ್ಬಿಯ ಮೇಲೆ ಬಿತ್ತು. ಎರಡನೆಯ ಕೊಡ ಸುರಿದರು, ಮೂರನೆಯದೂ ಆಯಿತು. ಎಂಜಿನ್ನನ್ನು ಅರಿವೆಯಿಂದ ಒರೆಸಿ, ಒಂದಿಷ್ಟು ಹೊತ್ತು ಓಡಿಸಿ ಕಾಯಿಸಿದೆವು. ಮೀಟರಿನ ವೈರು ಚುಚ್ಚಿ ನಾನು ಗಾಳಿಯ ಬಾಗಿಲನ್ನು ನಿಧಾನಕ್ಕೆ ತೆರೆಯತೊಡಗಿದೆ.

ಮುಳ್ಳು ಒಂದು ವೋಲ್ಟಿಗೆ ಬಂತು, ಒಂದೂವರೆಗೆ ಬಂತು. ಎರಡು ಮುಟ್ಟುವ ಮೊದಲೇ ಜಾರಿ ಸೊನ್ನೆಗೆ ಬಿತ್ತು. ಇನ್ನೊಂದಿಷ್ಟು ತೆರೆದೆ. ಟಪ್ಪೆಂದು ಎದ್ದು ಮೂರಕ್ಕೆ ಹೋಗಿ ನಿಂತಿತು. ಮತ್ತೆ ಮಾಡಿದೆ, ಮತ್ತೆ ಬಿತ್ತು. ಮಾಡಿದಷ್ಟು ಸಲವೂ ಅದೇ ಜಾಗದಲ್ಲಿ ಬಿತ್ತು.

"ಶಿವನೇ!" ಎಂದು ಕೂಗಿಯೇಬಿಟ್ಟೆ. "ಸಿಕ್ತು ಕಾಕಾ! ನೋಡ್ರಿ ಇಲ್ಲಿ, ಇದಽ ಆ ಜಾಗಾ! ನೀವು ಒತ್ತಿದ್ದು ಖರೇ ಐತಿ!"

ತಿರುಗಿ ನೋಡಿದರೆ ಕಾಕಾ ಮೀಟರನ್ನು ನೋಡುತ್ತಲೇ ಇರಲಿಲ್ಲ. ಖಾಲಿ ಕೊಡವನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ನನ್ನ ನಾಲಿಗೆಯನ್ನು ಕಚ್ಚಿಕೊಂಡೆ. ಸಿಕ್ಕ ಖುಷಿಯಲ್ಲಿ ಸಿಕ್ಕಿದ್ದೇನು ಎಂಬುದೇ ನನಗೆ ಮರೆತಿತ್ತು.

"ಅಂದ್ರ ಅಕ್ಕಾರು ಹಾಕಿದ ನೀರಽ ಅವರನ್ನ…" ಎಂದವರು ಪೂರ್ತಿ ಮಾಡಲಿಲ್ಲ. ಬೆಂಚಿನ ಮೇಲೆ ಕೂತರು. "ಹೇಳಿದವ ನಾನಽ ಅಲ್ರಿ? ಮುಗ್ಗರಸ್ತೈತ್ರಿ ಅಕ್ಕಾರ ಅಂತ ನಾ ಹೇಳಿದ್ದಕ್ಕಽ ಅಲ್ರಿ ಅವರು ಹೆಚ್ಚಿಗಿ ಹಾಕಿದ್ದು?"

ನಾನು ಸೆನ್ಸರ್ ಬಿಚ್ಚಿದೆ, ಸುಮ್ಮನೆ ನಿಲ್ಲಲು ಆಗದೆ. ಅದರ ಮುಚ್ಚಳದಲ್ಲಿ ಕೂದಲಿನಷ್ಟು ತೆಳ್ಳಗಿನ ಬಿರುಕಿತ್ತು. ವೈರು ಸೇರುವ ಕಡೆ ರಬ್ಬರು ಕಾವಿಗೆ ಒಡೆದು, ತಾಮ್ರ ಹಸಿರುಗಟ್ಟಿತ್ತು. ಒಳಗೆ ವಿಭೂತಿಯ ಬಿಳಿ ಗಸಿ. ತಿಂಗಳು ತಿಂಗಳು ಕುಡಿದ ನೀರು ಅದು.

"ಸಾವ್ಕಾರ್ರಿಗೆ ಸೆನ್ಸರ್ ಕೆಟ್ಟಿತ್ತು ಅಂತಷ್ಟ ಹೇಳ್ರಿ," ಎಂದರು ಕಾಕಾ ಕೊನೆಗೆ. "ನೀರಿಂದು ಹೇಳಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

"ಎದ್ದೇಳ್ರಿ ಕಾಕಾ, ಏನಿದು!" ಎಂದು ಬಗ್ಗಿದವರನ್ನು ಹಿಡಿದು ಗದರಿದೆ. ಆದರೆ ಆ ಮಾತಿಗೆ ಒಪ್ಪಿದೆ. ಸುಳ್ಳೇನೂ ಅಲ್ಲವಲ್ಲ, ಅರ್ಧ ಸತ್ಯ.

ಭಾನುವಾರ ಸಾವುಕಾರರನ್ನು ಕರೆಸಿದೆ. ಬರಲು ಒಲ್ಲೆ ಎಂದರು, ಬರಲೇಬೇಕು ಎಂದು ಹಟ ಹಿಡಿದೆ. ಗ್ಯಾರೇಜಿನಲ್ಲಿ ಡ್ರೈವರನ್ನು ಕಂಡದ್ದೇ ಅವರ ಮುಖ ಕಲ್ಲಾಯಿತು. ನಾನು ಮೀಟರ್ ತೋರಿಸಿದೆ. ಮುಳ್ಳು ಬೀಳುವುದನ್ನು ನೋಡಿದರು, ನಂಬಲಿಲ್ಲ.

"ಮುಳ್ಳು ನೀ ಕುಣಿಸಿದಂಗ ಕುಣೀತೈತಿ ಮಿಸ್ತ್ರಿ. ಇಂವ ಏನ ಹೇಳಿ ನಿನ್ನ ಮನಸ್ಸು ಕರಗಿಸ್ಯಾನ?"

ನನ್ನ ಸಿಟ್ಟು ನೆತ್ತಿಗೇರಿತು. "ಹಂಗಾರ ನೀವಽ ಹೊಡೀರಿ" ಎಂದು ಕೀಲಿಕೈ ಅವರ ಮುಂದೆ ಹಿಡಿದೆ. ಸಾವುಕಾರರಿಗೆ ಕಾರು ಓಡಿಸಲು ಬರುತ್ತಿತ್ತು, ಓಡಿಸುತ್ತಿರಲಿಲ್ಲ ಅಷ್ಟೇ. ಅವರು ಬರುವ ಮೊದಲೇ ಹಳೆಯ ಸೆನ್ಸರನ್ನು ಮತ್ತೆ ತೋಯಿಸಿ ಹಾಕಿದ್ದೆ. ಕಾರ್ಖಾನೆಗಳಿಗೆ ರಜೆ, ಹಿಂದಿನ ಕೈಗಾರಿಕಾ ವಸಾಹತಿನ ರಸ್ತೆ ಬಿಕೋ ಎನ್ನುತ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಕಾಕಾ ಹಿಂದೆ ಬಲಗಡೆ ಕೂತರು. ಎಡಗಡೆ ಖಾಲಿ.

ಮೊದಲು ನಿಧಾನವಾಗಿ ಹೋದರು. ನಾನು "ಈಗ ಮುಂದ ಟ್ರ್ಯಾಕ್ಟರ್ ಐತಿ ಅಂತ ತಿಳ್ಕೋರಿ. ಹಿಂದ ಹಾಕ್ರಿ" ಎಂದೆ. ಸಾವುಕಾರರು ಒತ್ತಿದರು. ಕಾರು ಎರಡು ಮಾರು ಎಳೆಯಿತು, ಆಮೇಲೆ ನಮ್ಮೆಲ್ಲರ ತಲೆ ಮುಂದಕ್ಕೆ ಬಾಗಿತು. ಎಂಜಿನ್ ಸಪ್ಪಳ ಇತ್ತು, ಎಳೆತ ಇರಲಿಲ್ಲ. "ಏ, ಏ" ಎಂದು ಸಾವುಕಾರರು ಇನ್ನೂ ಜೋರಾಗಿ ಒತ್ತಿದರು. ಏನೂ ಇಲ್ಲ. ಒಂದು, ಎರಡು ಎಣಿಸುವಷ್ಟು ಹೊತ್ತು. ಆಮೇಲೆ ದಬಕ್ಕನೆ ಎಳೆಯಿತು. ಅವರು ಬ್ರೇಕ್ ತುಳಿದು ರಸ್ತೆಯ ನಡುವೆಯೇ ನಿಲ್ಲಿಸಿಬಿಟ್ಟರು.

ಅವರು ಕೀಲಿಕೈ ತಿರುಗಿಸಿ ಎಂಜಿನ್ ಬಂದ್ ಮಾಡಿದರು.

"ಹಿಂಗಽ ಆತು?" ಎಂದರು, ತಿರುಗದೆ.

"ಹಿಂಗಽ ಆತ್ರಿ," ಎಂದರು ಕಾಕಾ.

"ನಾ ಏನೇನೋ ಅಂದೆ ನಿನಗ."

"ನಿಮ್ಮ ಜಾಗಾದಾಗ ಯಾರಿದ್ರೂ ಹಂಗಽ ಅಂತಿದ್ರು."

ಗ್ಯಾರೇಜಿಗೆ ಬಂದು ನಿಲ್ಲಿಸಿದೆವು. ಸಾವುಕಾರರು ಕೆಳಗಿಳಿದು ಬಾಗಿಲು ಹಿಡಿದುಕೊಂಡೇ ಕೇಳಿದರು, "ಮಿಸ್ತ್ರಿ, ಹೊಸಾ ಗಾಡಿ ಇದು. ಆ ಸೆನ್ಸರ್ ಯಾಕ ಕೆಟ್ಟಿತು?"

ನಾನು "ಕೆಡ್ತಾವ್ರಿ ಒಮ್ಮೊಮ್ಮೆ" ಎಂದು ತೇಲಿಸಿದೆ. ಅವರು ವ್ಯಾಪಾರಿ. ಹತ್ತಿಯಲ್ಲಿ ಕೈಯಾಡಿಸಿ ಒಳಗಿನ ತೇವ ಹೇಳುವವರು. ನನ್ನ ಮುಖ ನೋಡಿದರು, ಆಮೇಲೆ ಕಾಕಾನ ಮುಖ ನೋಡಿದರು. "ನೀರ ಹೋಗೈತಿ ಹೌದಲ್ಲೋ? ತೊಯ್ದೈತಿ ಒಳಗ" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಕಾಕಾ ಮುಂದೆ ಬಂದರು.

"ನಾನಽ ಹಾಕಿದ್ನಿರಿ. ಅಮಾಸಿಗೆ ತೊಳಿಯೂಮುಂದ ಎಂಜಿನ್ ಮ್ಯಾಲ ಪೈಪ್ ಹಿಡೀತಿದ್ನಿ. ಅಕ್ಕಾರು ಬ್ಯಾಡ ಅಂತಿದ್ರು. ನಾ ಕೇಳಲಿಲ್ಲ."

ಈಗ ತಾನೇ ಆ ಮನುಷ್ಯನ ಮೇಲಿನ ಕಳಂಕ ಕಳೆದಿತ್ತು, ಅದನ್ನು ತಾನಾಗಿ ಮತ್ತೆ ಬಳಿದುಕೊಂಡಿದ್ದರು. ಏ ಕಾಕಾ, ನಿನಗೇನು ಹುಚ್ಚೇ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಕೂಗಿದ್ದರೆ ಸತ್ತವರ ಹೆಸರು ಹೇಳಬೇಕಾಗುತ್ತಿತ್ತು.

ಸಾವುಕಾರರು ಕಾಕಾನ ಕಡೆ ತಿರುಗಿದರು.

"ಪೂಜಿ ಮನಿ ಕಿಡಕಿ ಅಂಗಳಕ್ಕಽ ಐತೋ," ಎಂದರು. ದನಿ ಒಡೆದಿತ್ತು. "ಲಿಂಗಪೂಜಿಗೆ ಕುಂತಾಗ ನನಗ ಎಲ್ಲಾ ಕಾಣ್ತೈತಿ. ತಾಮ್ರದ ಕೊಡಾ ತಂದು ಸುರೀತಿದ್ದಾಕಿ ಆಕಿ. ಮೊದಮೊದ್ಲು ಆಕಿ ಗಾಡಿ ಮೈಗಷ್ಟ ನೀರು ಹಾಕಸ್ತಿದ್ಳು. ನಮ್ಮಪ್ಪ ಅಮಾಸಿಗೆ ಎತ್ತಿನ ಮೈ ತೊಳೆದ್ರ ಬಾಯಿ, ಗೊರಸು ಸೈತ ಬಿಡ್ತಿರಲಿಲ್ಲ, ಅರ್ಧಾ ಮರ್ಧಾ ಪೂಜಿ ಮಾಡಬ್ಯಾಡ, ಎಂಜಿನ್ನಿಗೂ ಹಾಕು ಅಂತ ಕಿಡಕ್ಯಾಗಿಂದ ಕೂಗಿ ಹೇಳಿದವ ನಾನು."

ಕಾಕಾ ತಲೆ ತಗ್ಗಿಸಿದರು. ನಾನು ಗೋಡೆಯ ಕಡೆ ತಿರುಗಿದೆ. ಸಾವುಕಾರರು ಅತ್ತದ್ದು ನನಗೆ ಕೇಳಿಸಿತು, ನೋಡಲಿಲ್ಲ.

ಅಳು ನಿಂತ ಮೇಲೆ ಅವರು ನನ್ನಿಂದ ಆ ಸೆನ್ಸರನ್ನು ಬಿಚ್ಚಿಸಿಕೊಂಡು ಕರವಸ್ತ್ರದಲ್ಲಿ ಕ‌ಟ್ಟಿಕೊಂಡರು. ಕೋರ್ಟಿನಲ್ಲಿ ತಾವೇ ಹೇಳುವುದಾಗಿ ಹೇಳಿದರು. ಗದಗಿನವರಿಗೆ ಗಾಡಿ ಇಲ್ಲ ಅಂತ ತಿಳಿಸು ಎಂದರು. ಆಮೇಲೆ ಕೀಲಿಕೈಯನ್ನು ಕಾಕಾನ ಮುಂದೆ ಹಿಡಿದರು. "ಹೊಸಾ ಸೆನ್ಸರ್ ಹಾಕಿದ ಮ್ಯಾಲ ನೀನಽ ಮನಿಗೆ ತಗೊಂಡು ಬಾ."

ಕಾಕಾ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡರು.

"ನಂಬಿದ್ರಿ, ಅಷ್ಟ ಸಾಕ್ರಿ. ಗಾಡಿ ಮಾತ್ರ ಬ್ಯಾಡ್ರಿ. ಕಾಲು ಒಲ್ಲೆ ಅಂತೈತಿ."

ಸಾವುಕಾರರು ಒತ್ತಾಯ ಮಾಡಲಿಲ್ಲ. ಕೀಲಿಕೈಯನ್ನು ನನ್ನ ಬೆಂಚಿನ ಮೇಲಿಟ್ಟರು. ಕಾಕಾ ಹೊರಟಾಗ ಅವರೂ ಹಿಂದೆ ಹೊರಟರು. ಪೇಟೆಯಲ್ಲಿ ನಾಲ್ಕು ಅಂಗಡಿ ಆಚೆ ಹೋಗಲೂ ಗಾಡಿ ಬೇಕಿದ್ದ ಮನುಷ್ಯ, ಗೋಕುಲ ರಸ್ತೆಯ ಧೂಳಿನಲ್ಲಿ ಡ್ರೈವರ್ ಕಾಕಾನ ಜೊತೆ ಬಸ್ ನಿಲ್ದಾಣದ ಕಡೆ ನಡೆದುಕೊಂಡು ಹೋದರು.

ಹೊಸ ಸೆನ್ಸರ್ ಬರಲು ಎರಡು ದಿನ ಹಿಡಿಯಿತು. ಹಾಕಿ, ಮುಳ್ಳು ನೋಡಿ, ವೈರಿನ ಬಾಯಿಗೆ ಗ್ರೀಸು ತುಂಬಿ, ನಾನೇ ಓಡಿಸಿಕೊಂಡು ಹೋಗಿ ಸಾವುಕಾರರ ಅಂಗಳದಲ್ಲಿ ನಿಲ್ಲಿಸಿ ಬಂದೆ. ದಾರಿಯಲ್ಲಿ ಒಂದು ಟ್ರ್ಯಾಕ್ಟರು ಅಡ್ಡ ಸಿಕ್ಕಿತ್ತು. ಎದುರಿಗೆ ಎರಡು ಸಲ ನೋಡಿ ಒತ್ತಿದೆ. ಕಾರು ಬಾಣದ ಹಾಗೆ ಮುಂದೆ ಹೋಯಿತು, ಸುಡುಗಾಡು ಗಾಡಿ.